‘ಸ್ಥಳೀಯ ಮಹಿಳೆಯರಿಂದ ಸೋಬಾನೆ’ ಅಂದ್ರೆ ಯಾರ್ರೀ ಅವರು?

ಊರಹಬ್ಬದ್ದಾಗಲಿ, ರಾಜ್ಯೋತ್ಸವದ್ದಾಗಲಿ, ಗಣಪತಿ ಕೂರಿಸಿದ್ದಾಗಲಿ, ಮನೆಯಲ್ಲಿ ಉಳಿದಿರುವ ಯಾವುದಾದರೂ ಒಂದು ಆಹ್ವಾನ ಪತ್ರಿಕೆ ತೆಗೆದು ನೋಡಿ. ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು. ಬರುತ್ತಾರೋ ಇಲ್ಲವೋ ಗೊತ್ತಿಲ್ಲದವರ ಹೆಸರೂ ಫೋಟೋ ಸಮೇತ ಇರುತ್ತದೆ. ಒಬ್ಬ ಮಾಜಿ ಸದಸ್ಯರ ಹೆಸರು ಬಿಟ್ಟುಹೋದರೆ ಮುನಿಸು, ಪಂಚಾಯಿತಿ, ಕಾರ್ಡು ಮತ್ತೆ ಪ್ರಿಂಟು. ರಾತ್ರಿ ಆರ್ಕೆಸ್ಟ್ರಾಕ್ಕೆ ಬೆಂಗಳೂರಿಂದ ಬರುವ ಗಾಯಕಿಯ ಹೆಸರು ದಪ್ಪ ಅಕ್ಷರದಲ್ಲಿ. ಇದೆಲ್ಲದರ ನಡುವೆ ಎಲ್ಲೋ ಸಣ್ಣದಾಗಿ ಒಂದು ಸಾಲು: ‘ಸ್ಥಳೀಯ ಮಹಿಳೆಯರಿಂದ ಸೋಬಾನೆ ಪದಗಳು’.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಸುದ್ದಿಗಾಗಿ ಓಡಾಡುವ ನಮಗೆ ಈ ಸಾಲು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆ ಮಹಿಳೆಯರಿಗೆ ಹೆಸರಿಲ್ಲವೇ? ರೇಷನ್ ಕಾರ್ಡಿನಲ್ಲಿದೆ, ವೋಟರ್ ಲಿಸ್ಟಿನಲ್ಲಿದೆ, ಸ್ತ್ರೀಶಕ್ತಿ ಸಂಘದ ಸಾಲದ ಪುಸ್ತಕದಲ್ಲಂತೂ ತಪ್ಪದೆ ಇದೆ. ಹಾಡುವ ಹೊತ್ತಿಗೆ ಮಾತ್ರ ಯಾಕೆ ಅವರು ‘ಸ್ಥಳೀಯ ಮಹಿಳೆಯರು’ ಆಗಿಬಿಡುತ್ತಾರೆ?

ಅಮೆರಿಕದಲ್ಲಿ ಈಗ ಜಾಜ್ ಹಾಡಿದ ಕಪ್ಪು ಹೆಣ್ಣುಮಕ್ಕಳನ್ನು ನೆನೆಯುವುದಕ್ಕೆಂದೇ ಕಛೇರಿಗಳು ನಡೆಯುತ್ತವೆ. ಜಾಜ್ ಅಂದರೆ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳು ಸುಮಾರು ನೂರು ನೂರಿಪ್ಪತ್ತು ವರ್ಷದ ಹಿಂದೆ ನ್ಯೂ ಆರ್ಲಿಯನ್ಸ್ ಕಡೆ ಕಟ್ಟಿದ ಸಂಗೀತ. ಬೆಸ್ಸಿ ಸ್ಮಿತ್, ಬಿಲ್ಲಿ ಹಾಲಿಡೇ, ಎಲ್ಲಾ ಫಿಟ್ಜೆರಾಲ್ಡ್, ನೀನಾ ಸಿಮೋನ್ ಅಂತ ಒಬ್ಬೊಬ್ಬರ ಹೆಸರು ಹೇಳಿ ಚಪ್ಪಾಳೆ ಹೊಡೆಯುತ್ತಾರೆ. ಹೊಡೆಯಲಿ. ಬದುಕಿದ್ದಾಗ ಅವರನ್ನು ನಡೆಸಿಕೊಂಡದ್ದು ಹೇಗೆ ಅನ್ನುವುದನ್ನೂ ಕೇಳಿ. 1920ರ ದಶಕದಲ್ಲಿ ಬೆಸ್ಸಿ ಸ್ಮಿತ್ ಹಾಡಿದ ಪ್ಲೇಟುಗಳು ಲಕ್ಷಗಟ್ಟಲೆ ಮಾರಾಟವಾದವು. ಕಂಪನಿಯವರು ಒಂದು ಹಾಡಿಗೆ ಇಷ್ಟು ಅಂತ ಕೊಟ್ಟು ಕೈ ತೊಳೆದುಕೊಂಡರು, ಮಾರಾಟದಲ್ಲಿ ಆಕೆಗೆ ಪಾಲಿರಲಿಲ್ಲ. 1937ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಮಣ್ಣಿಗೆ ಸಾವಿರಾರು ಜನ ಸೇರಿದ್ದರು. ಆದರೆ ಆಕೆಯ ಗೋರಿಯ ಮೇಲೆ ಹೆಸರು ಕೆತ್ತಿದ ಒಂದು ಕಲ್ಲಿಲ್ಲದೆ 33 ವರ್ಷ ಕಳೆಯಿತು. 1970ರಲ್ಲಿ ಜಾನಿಸ್ ಜಾಪ್ಲಿನ್ ಎಂಬ ಬಿಳಿಯ ಗಾಯಕಿ, ಮತ್ತು ಹುಡುಗಿಯಾಗಿದ್ದಾಗ ಬೆಸ್ಸಿ ಮನೆಯ ಕೆಲಸ ಮಾಡಿದ್ದ ಜುವಾನಿಟಾ ಗ್ರೀನ್ ದುಡ್ಡು ಹಾಕಿ ಕಲ್ಲು ನಿಲ್ಲಿಸಿದರು. ಬಿಲ್ಲಿ ಹಾಲಿಡೇ 1938ರಲ್ಲಿ ನ್ಯೂಯಾರ್ಕಿನ ಒಂದು ದೊಡ್ಡ ಹೋಟೆಲಿನಲ್ಲಿ ಹಾಡಲು ಹೋದಾಗ, ಗಿರಾಕಿಗಳ ಕಣ್ಣಿಗೆ ಬೀಳಬಾರದೆಂದು ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಹೋಗು ಅಂದರು. ಹಾಡು ಬೇಕು, ಹಾಡುವವಳು ಹಿಂದಿನ ಬಾಗಿಲಲ್ಲಿ ಬರಬೇಕು.

ಅಮೆರಿಕದ ಕಪ್ಪು ಹೆಂಗಸರ ಕಥೆ ನಮಗ್ಯಾಕೆ ಅನ್ನಬೇಡಿ. ನಮ್ಮ ರಾಜ್ಯದಲ್ಲೇ ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ, ಅವರ ಹೆಣ್ಣುಮಕ್ಕಳ ಹಾಡು ಕುಣಿತ ಇದೆ. ಅಷ್ಟು ದೂರವೂ ಬೇಡ. ಹೇಮಾವತಿ ನಾಲೆ ನೀರು ಹರಿಯುವ ನಮ್ಮ ಬಯಲಿನಲ್ಲಿ, ಮೊಣಕಾಲುದ್ದ ಕೆಸರಲ್ಲಿ ನಿಂತು ನಾಟಿ ಪದ ಹೇಳಿದವರು ಯಾರು? ಗದ್ದೆ ಯಾರದು, ಹಾಡು ಯಾರದು? ಗದ್ದೆಯಲ್ಲಿ ದಿನವಿಡೀ ಹಾಡಬಹುದಿತ್ತು, ಅದೇ ಗದ್ದೆ ಒಡೆಯರ ಜಗಲಿ ಹತ್ತುವಂತಿರಲಿಲ್ಲ. ನ್ಯೂಯಾರ್ಕಿನ ಆ ಲಿಫ್ಟು ನಮಗೆ ಪರಿಚಯವಿಲ್ಲದ್ದೇನಲ್ಲ.

ಇನ್ನು ಕಲೆಯ ಮಾತು. ‘ಅದೇನು ಮಹಾ, ಎಲ್ಲ ಹೆಂಗಸರೂ ಹೇಳ್ತಾರೆ’ ಅನ್ನುವವರು ಮದುವೆ ಮನೆಯ ಚಪ್ಪರದಲ್ಲಿ ಒಂದು ಸಂಜೆ ಸುಮ್ಮನೆ ಕೂತು ಕೇಳಿ. ಮುಂದೆ ಹೇಳುವವಳು ಒಬ್ಬಳು, ಹಿಂದೆ ಹೇಳುವವರು ಮೂರ್ನಾಲ್ಕು ಜನ. ಅರಿಶಿಣಕ್ಕೆ ಒಂದು, ಹಸೆಗೆ ಕರೆಯುವುದಕ್ಕೆ ಒಂದು, ಧಾರೆಗೆ ಒಂದು, ಹೆಣ್ಣು ಒಪ್ಪಿಸುವಾಗ ಒಂದು. ಯಾವ ಪುಸ್ತಕವೂ ಎದುರಿಗಿಲ್ಲ. ಗಂಡಿನ ಊರು, ಹೆಣ್ಣಿನ ಅಜ್ಜನ ಹೆಸರು, ಸೋದರಮಾವನ ಜಿಪುಣತನ, ಎಲ್ಲವನ್ನೂ ನಿಂತ ನಿಲುವಿನಲ್ಲೇ ಪದಕ್ಕೆ ಸೇರಿಸುತ್ತಾಳೆ. ಬೀಗರನ್ನು ಹಂಗಿಸುವ ಹಾಡು ಶುರುವಾದರೆ ಆ ಕಡೆಯವಳು ಏನು ಹೇಳುತ್ತಾಳೋ ಅದಕ್ಕೆ ಈ ಕಡೆಯವಳು ಉಸಿರು ತಗೊಳ್ಳುವಷ್ಟರಲ್ಲಿ ಉತ್ತರ ಕಟ್ಟಬೇಕು. ಧಾಟಿ ಹಳೆಯದು, ಮಾತು ಆ ಕ್ಷಣದ್ದು. ಜಾಜ್ ಹಾಡುವವರು ಮಾಡುವುದೂ ಇದನ್ನೇ: ಎಲ್ಲರಿಗೂ ಗೊತ್ತಿರುವ ಹಾಡನ್ನು ಎತ್ತಿಕೊಂಡು ಆ ರಾತ್ರಿ ತನ್ನದು ಮಾಡಿಕೊಳ್ಳುವುದು. ಬಿಲ್ಲಿ ಹಾಲಿಡೇ ಕೂಡ ಸ್ವರಲಿಪಿ ಓದಲು ಕಲಿತವರಲ್ಲ. ಆಕೆಗೆ ‘ಮಹಾನ್ ಕಲಾವಿದೆ’ ಅನ್ನುತ್ತೇವೆ, ನಮ್ಮ ಅತ್ತೆಗೆ ‘ಏನೋ ಹಾಡ್ಕೊತಾಳೆ’ ಅನ್ನುತ್ತೇವೆ.

ಇದಕ್ಕೆಲ್ಲ ಒಂದು ಪದ ಸಿಕ್ಕಿದೆ, ‘ಜಾನಪದ’. ಒಳ್ಳೆಯ ಪದವೇ. ಆದರೆ ಅದನ್ನು ನಾವು ಬಳಸುವ ರೀತಿ ಹೇಗಿದೆ ಅಂದರೆ, ಜಾನಪದ ಅಂದಕೂಡಲೇ ಹಾಡಿದವರ ಹೆಸರು ಕೇಳಬೇಕಾಗಿಲ್ಲ, ದುಡ್ಡು ಕೊಡಬೇಕಾಗಿಲ್ಲ. ಪುಸ್ತಕವಾದರೆ ಮುಖಪುಟದಲ್ಲಿ ಸಂಗ್ರಾಹಕರ ಹೆಸರು. ಸಿನಿಮಾ ಆದರೆ ‘ಸಾಹಿತ್ಯ: ಜಾನಪದ’. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗಲಾದರೂ ತಿಳಿಯಬೇಕಿತ್ತು, ಜಾನಪದಕ್ಕೂ ಒಂದು ಮುಖ, ಒಂದು ಹೆಸರು, ಒಂದು ಮನೆ ವಿಳಾಸ ಇರುತ್ತದೆ ಅಂತ.

ಹೆಸರು ಉಳಿಸುವುದು ನಮ್ಮ ಜಿಲ್ಲೆಗೆ ಬಾರದ ವಿದ್ಯೆಯೂ ಅಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನೇ ನೋಡಿ. ಕಾವೇರಿ ದಂಡೆಯ ಸಣ್ಣ ಊರು, ಎಷ್ಟು ಜನ ಸಂಗೀತ ವಿದ್ವಾಂಸರನ್ನು ಕೊಟ್ಟಿದೆ! ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ. ತಂಬೂರಿ ಆಕಾರದಲ್ಲೇ ಒಂದು ಮಂದಿರ ಕಟ್ಟಿದ್ದಾರೆ. ಯಾರ ಶಿಷ್ಯರು ಯಾರು, ಯಾರ ಮಗ ಯಾರು ಅಂತ ಎಲ್ಲ ದಾಖಲೆ ಇದೆ. ನಮಗೆ ಅದರ ಮೇಲೆ ಹೊಟ್ಟೆಕಿಚ್ಚಿಲ್ಲ, ಹೆಮ್ಮೆ ಇದೆ. ನಾವು ಕೇಳುವುದು, ಅದೇ ತಾಲ್ಲೂಕಿನ ಪಕ್ಕದ ಊರಿನಲ್ಲಿ ರಾತ್ರಿಯಿಡೀ ಪದ ಹೇಳುವ ಹೆಂಗಸು ಯಾರಿಂದ ಕಲಿತಳು ಅನ್ನುವುದನ್ನು ಯಾರು ಬರೆದಿಟ್ಟಿದ್ದಾರೆ?

ಚನ್ನರಾಯಪಟ್ಟಣದವರಿಗೆ ಗುಳ್ಳಕಾಯಜ್ಜಿಯ ಕಥೆ ಹೇಳಬೇಕಾಗಿಲ್ಲ. ಚಾವುಂಡರಾಯನ ಕೊಡಗಟ್ಟಲೆ ಹಾಲು ಗೊಮ್ಮಟನ ಪಾದ ಮುಟ್ಟಲಿಲ್ಲ, ಮುದುಕಿ ಗುಳ್ಳಕಾಯಿಯಲ್ಲಿ ತಂದ ಒಂದಿಷ್ಟು ಹಾಲು ಮುಟ್ಟಿತು. ಆ ಅಜ್ಜಿಯ ವಿಗ್ರಹವೂ ಬೆಟ್ಟದ ಮೇಲಿದೆ. ಆದರೆ ಆಕೆಯ ಹೆಸರೇನು? ಕೈಯಲ್ಲಿದ್ದ ಕಾಯಿಯೇ ಹೆಸರಾಯಿತು. ಆಮೇಲೆ, ಅಜ್ಜಿಯ ರೂಪದಲ್ಲಿ ಬಂದದ್ದು ದೇವಿಯೇ ಅಂತಲೂ ಹೇಳಿದರು. ನೋಡಿ, ಹೆಣ್ಣಿಗೆ ಹೆಸರು ಬರಬೇಕಾದರೆ ಒಂದೋ ಆಕೆ ದೇವಿಯಾಗಬೇಕು!

ಈ ಮಾತೆತ್ತಿದರೆ ಸಂಘಟಕರು ಹೇಳುವ ಉತ್ತರಗಳು ನಮಗೆ ಬಾಯಿಪಾಠ. ‘ಅವರೇ ಕೇಳಲ್ಲ.’ ಕೇಳದವರಿಗೆ ಕೊಡಬಾರದು ಅಂತ ಇದೆಯೇ? ಶಾಮಿಯಾನದವರು, ಸೌಂಡ್ ಸಿಸ್ಟಮ್‌ನವರು ಅಡ್ವಾನ್ಸ್ ಇಲ್ಲದೆ ಗಾಡಿ ಹತ್ತಿಸಲ್ಲ. ‘ದುಡ್ಡು ಕೊಟ್ಟರೆ ಭಕ್ತಿ ಹೋಗುತ್ತೆ.’ ಹೋಮ ಮಾಡಿಸುವ ಪುರೋಹಿತರಿಗೆ ದಕ್ಷಿಣೆ ಕೊಟ್ಟಾಗ ಎಲ್ಲಿಗೂ ಹೋಗದ ಭಕ್ತಿ, ಪದ ಹೇಳುವವಳ ಕೈಗೆ ಸಾವಿರ ರೂಪಾಯಿ ಇಟ್ಟರೆ ಹೋಗುತ್ತದೆಯೇ? ‘ಅವರಿಗೆ ಸೀರೆ ಕೊಡ್ತೀವಲ್ಲ.’ ಆರ್ಕೆಸ್ಟ್ರಾದವರಿಗೂ ಸೀರೆ ಪಂಚೆ ಕೊಟ್ಟು ಕಳಿಸಿ ನೋಡೋಣ. ಇನ್ನು ಕೆಲವು ಕಡೆ ಹಾಡಲು ಬಂದವರ ಕೈಗೇ ಪೂರ್ಣಕುಂಭ ಕೊಟ್ಟು, ಮಂತ್ರಿ ಬರುವವರೆಗೆ ಬಿಸಿಲಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಮಂತ್ರಿ ಎರಡು ಗಂಟೆ ತಡ. ಭಾಷಣಗಳು ಮುಗಿಯುವಷ್ಟರಲ್ಲಿ ‘ಸಮಯದ ಅಭಾವದಿಂದ’ ಸೋಬಾನೆ ಐದು ನಿಮಿಷ.

ಹೆಸರಿಲ್ಲದಿದ್ದರೆ ನಷ್ಟ ಮರ್ಯಾದೆಯದು ಮಾತ್ರವಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅರ್ಜಿ ಹಾಕುವವರು ತಾವು ಕಲಾವಿದರು ಅನ್ನುವುದಕ್ಕೆ ದಾಖಲೆ ತೋರಿಸಬೇಕು. ನಲವತ್ತು ವರ್ಷ ಹಾಡಿದ ಅಜ್ಜಿ ಏನು ತೋರಿಸಬೇಕು? ‘ಸ್ಥಳೀಯ ಮಹಿಳೆಯರು’ ಅಂತ ಅಚ್ಚಾದ ಕಾರ್ಡನ್ನು ಯಾವ ಅಧಿಕಾರಿ ಒಪ್ಪುತ್ತಾನೆ? ಪತ್ರಿಕೆಯ ಸುದ್ದಿಯಲ್ಲೂ ‘ಮಹಿಳೆಯರು ಸೋಬಾನೆ ಹಾಡಿ ರಂಜಿಸಿದರು’ ಅಂತಷ್ಟೇ. ಕಾರ್ಡಿನ ಒಂದು ಸಾಲಿನ ಸೋಮಾರಿತನ ಒಬ್ಬ ಮುದುಕಿಯ ಪ್ರತಿ ತಿಂಗಳ ಔಷಧಿ ದುಡ್ಡನ್ನು ಕಿತ್ತುಕೊಳ್ಳುತ್ತಿದೆ.

ಫೋನಿನಲ್ಲಿ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುವ ತಮ್ಮಂದಿರಿಗೂ ಒಂದು ಮಾತು. 1957ರ ಕಾಪಿರೈಟ್ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಹಾಡು ಎಷ್ಟೇ ಹಳೆಯದಾಗಿರಲಿ, ಆ ಹಾಡಿಕೆಯ ಮೇಲೆ ಹಾಡಿದವರಿಗೆ 50 ವರ್ಷದ ಹಕ್ಕಿದೆ. ಕಾಯ್ದೆಯ ಪಟ್ಟಿಯಲ್ಲಿ ಗಾಯಕರ ಜೊತೆ ಹಾವಾಡಿಸುವವರೂ ಇದ್ದಾರೆ, ಅಂದಮೇಲೆ ಸೋಬಾನೆಯವರು ಇಲ್ಲವೆಂದು ಯಾರೂ ಹೇಳುವಂತಿಲ್ಲ. ಹಾಡಿದ್ದು ಇಂಥವರು ಅಂತ ಗುರುತಿಸಿಕೊಳ್ಳುವ ಹಕ್ಕೂ 2012ರ ತಿದ್ದುಪಡಿಯಲ್ಲಿ ಬಂದಿದೆ. ಮನೆಯವರು ನೋಡಲು ತೆಗೆದಿಟ್ಟುಕೊಂಡರೆ ತಪ್ಪಿಲ್ಲ. ಚಾನೆಲ್ಲಿಗೆ ಹಾಕಿ ಜಾಹೀರಾತಿನ ದುಡ್ಡು ಎಣಿಸುವ ಮುಂಚೆ ಅವ್ವನನ್ನು ಕೇಳಿ, ಹೆಸರು ಹಾಕಿ, ಪಾಲು ಕೊಡಿ.

ವೇದಿಕೆ ಯಾರು ಕೊಡುತ್ತಾರೆ ಅಂತ ಕಾಯುತ್ತಾ ಕೂರಬೇಕೇ? ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಕಾಯಲಿಲ್ಲ. ದೇವದಾಸಿ ಮನೆತನದ ಹೆಣ್ಣು. ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಾನು ದುಡಿದ ದುಡ್ಡಿನಲ್ಲಿ ಗುಡಿ ಕಟ್ಟಿಸಿದರು, 1925ರಲ್ಲಿ ಪ್ರತಿಷ್ಠೆಯಾಯಿತು. ಗುಡಿ ಆಕೆಯ ದುಡ್ಡಿನದು, ಆದರೆ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ ಅಂದರು ಗಂಡಸರು. 1927ರಲ್ಲಿ ಆಕೆ ಹೆಂಗಸರನ್ನೇ ಸೇರಿಸಿ ಸಮಾಧಿಯ ಹಿಂಬದಿಯಲ್ಲಿ ಬೇರೆಯೇ ಆರಾಧನೆ ಶುರುಮಾಡಿದರು. ಹದಿನಾಲ್ಕು ವರ್ಷ ಆದಮೇಲೆ, 1941ರಲ್ಲಿ, ಗಂಡಸರ ಪಂಗಡಗಳು ಆಕೆಯ ಜೊತೆ ಒಂದಾದವು. ಈಗ ಅಲ್ಲಿ ಹೆಣ್ಣು ಗಂಡು ಒಟ್ಟಿಗೆ ಕೂತು ಹಾಡುವುದನ್ನು ಟೀವಿಯಲ್ಲಿ ನೋಡುತ್ತೀರಿ.

ನಾವು ಕೇಳುತ್ತಿರುವುದು ಹೀಗಿದೆ. ಹಾಸನಾಂಬ ಕಲಾಕ್ಷೇತ್ರದಲ್ಲಿ ಒಂದು ಇಡೀ ಸಂಜೆ, ನಾಲ್ಕು ತಾಲ್ಲೂಕಿನ ಪದ ಹೇಳುವ ಹೆಂಗಸರದ್ದೇ ಕಛೇರಿ. ಭಾಷಣ ಬೇಡ, ಪೂರ್ಣಕುಂಭ ಬೇಡ. ಕೇರಿಯವರು ಒಕ್ಕಲಗೇರಿಯವರು ಎಲ್ಲರಿಗೂ ಒಂದೇ ವೇದಿಕೆ, ಒಂದೇ ಜಮಖಾನ. ಹೋಗಿಬರಲು ಗಾಡಿ, ಊಟ, ಸಂಭಾವನೆ ಬ್ಯಾಂಕ್ ಖಾತೆಗೆ. ಮೈಕು ಒಬ್ಬರಿಗೊಂದು, ಐದು ಜನರ ಮಧ್ಯೆ ಒಂದಲ್ಲ. ಜಿಲ್ಲಾಡಳಿತ ಮಾಡಿದರೆ ಸರಿ. ಮಾಡದಿದ್ದರೆ ಊರಿನ ಶಾಲೆ ಬಯಲು ಯಾರೂ ಕಿತ್ತುಕೊಂಡಿಲ್ಲ, ನಾಗರತ್ನಮ್ಮ ಹಿಂಬದಿಯಲ್ಲೇ ಶುರುಮಾಡಿದ್ದು.

ಅಲ್ಲಿಯವರೆಗೆ, ಈ ಸಲ ನಿಮ್ಮೂರ ಹಬ್ಬದ ಕಾರ್ಡಿನ ಪ್ರೂಫ್ ಪ್ರೆಸ್ಸಿನಿಂದ ವಾಟ್ಸಾಪಿಗೆ ಬರುತ್ತದಲ್ಲ, ಆ ಸಾಲಿನ ಕೆಳಗೆ ಬೆರಳಿಟ್ಟು ಕೇಳಿ, ಯಾರ್ಯಾರು ಹಾಡುತ್ತಾರೆ ಅಂತ. ಐದು ಹೆಸರು, ಅವರ ಊರು. ಜಾಗ ಸಾಲದಿದ್ದರೆ ಮುಖ್ಯ ಅತಿಥಿಗಳ ಪಟ್ಟಿಯಲ್ಲಿ ಸ್ವಲ್ಪ ಕಡಿಮೆ ಮಾಡಬಹುದು.