ಮೂಸೆಗೆ ಹಾಕುವ ಮುನ್ನ: ಹಳೆಯ ಬೆಳ್ಳಿ, ಹಳೆಯ ಗಾಜು ಮತ್ತು ವರ್ತಕರ ಹೊಣೆ

ಚಿನಿವಾರ ಪೇಟೆಯಲ್ಲಿ ಬೆಳ್ಳಿಯ ಧಾರಣೆಯು 2025ರಲ್ಲಿ ಕಿಲೋವೊಂದಕ್ಕೆ ಒಂದು ಲಕ್ಷ ರೂಪಾಯಿಗಳನ್ನು ದಾಟಿ, ಅದೇ ವರ್ಷಾಂತ್ಯದ ಹೊತ್ತಿಗೆ ಎರಡು ಲಕ್ಷದ ಗಡಿಯನ್ನೂ ಮೀರಿತು. ಇಂತಹ ಏರಿಕೆಯ ಕಾಲದಲ್ಲಿ ಮನೆಮನೆಯ ಪೆಟ್ಟಿಗೆಗಳಲ್ಲಿದ್ದ ಹಳೆಯ ಬೆಳ್ಳಿಯು ಅಂಗಡಿಯ ತಕ್ಕಡಿಗೆ ಬರುವುದು ಸಹಜ. ಬಂದ ಸರಕನ್ನು ತೂಗಿ, ಒರೆಗೆ ಹಚ್ಚಿ, ಹಣ ಕೊಟ್ಟು, ವಾರದೊಳಗೆ ಕರಗಿಸಿ ಗಟ್ಟಿ ಮಾಡುವುದು ನಮ್ಮಲ್ಲಿ ರೂಢಿ. ಈ ರೂಢಿಯು ವ್ಯಾಪಾರದ ದೃಷ್ಟಿಯಿಂದಲೂ ಸಮಾಜದ ದೃಷ್ಟಿಯಿಂದಲೂ ಮರುಪರಿಶೀಲನೆಗೆ ಅರ್ಹವಾಗಿದೆ ಎಂಬುದು ಈ ಲೇಖನದ ಆಶಯ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಹಳೆಯ ಬೆಳ್ಳಿಗೆ ತನ್ನದೇ ಆದ ಲಕ್ಷಣಗಳಿವೆ. ಚನ್ನಗಿರಿ ಅಡಿಕೆಯ ಸೀಮೆ. ತಾಂಬೂಲದ ತಟ್ಟೆ, ಸುಣ್ಣದ ಡಬ್ಬಿ, ಪನ್ನೀರುದಾನಿಗಳು ಅಲ್ಲಿನ ಅನುಕೂಲಸ್ಥರ ಮನೆಗಳ ಮರ್ಯಾದೆಯ ಕುರುಹುಗಳು. ವೀರಶೈವ ಲಿಂಗಾಯತ ಮನೆತನಗಳಲ್ಲಿ ಇಷ್ಟಲಿಂಗವನ್ನು ಧರಿಸುವ ಬೆಳ್ಳಿಯ ಕರಡಿಗೆಯೂ ವಿಭೂತಿಯ ಬಟ್ಟಲೂ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬಂದಿವೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ನಾಡಿನಾದ್ಯಂತ ಬಂಜಾರರು ಭಕ್ತಿಯಿಂದ ಬರುವ ಕ್ಷೇತ್ರ. ಆ ಸಮುದಾಯದ ಮಹಿಳೆಯರ ಬೆಳ್ಳಿಯ ಆಭರಣಗಳಲ್ಲಿ, ನಾಣ್ಯಗಳನ್ನು ಪೋಣಿಸಿದ ಸರಗಳಲ್ಲಿ, ಒಂದು ಜನಾಂಗದ ಚರಿತ್ರೆಯೇ ಅಡಗಿದೆ. ಇವನ್ನು ಮೂಸೆಗೆ ಹಾಕಿದರೆ ಉಳಿಯುವುದು ಲೋಹ ಮಾತ್ರ. ಕೈಕೆಲಸ ಹೋದರೆ ಮರಳಿ ಬಾರದು.

ಮಾರುವವರನ್ನು ದೂಷಿಸುವುದು ಸರಿಯಲ್ಲ. ಮಳೆ ಕೈಕೊಟ್ಟ ವರ್ಷದಲ್ಲಿ ಜಗಳೂರಿನ ರೈತ ಕುಟುಂಬಕ್ಕೆ ಬೆಳ್ಳಿಯೇ ಬ್ಯಾಂಕು. ಮಗಳ ಮದುವೆಗೋ ಮಗನ ಕಾಲೇಜು ಶುಲ್ಕಕ್ಕೋ ಅಜ್ಜಿಯ ಕಾಲದ ತಟ್ಟೆಯನ್ನು ಮಾರುವವರಿಗೆ ಸಂಸ್ಕೃತಿಯ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಅವರ ಕೈಯಲ್ಲಿರುವ ವಸ್ತುವಿಗೆ ತೂಕದ ಬೆಲೆಗಿಂತ ಹೆಚ್ಚಿನ ಬೆಲೆ ಸಿಗುವ ಸಾಧ್ಯತೆ ಇದ್ದಾಗ ಅದನ್ನು ತಿಳಿಸುವುದು ವರ್ತಕನ ಧರ್ಮ. ಹಾಗೆ ತಿಳಿಸಬೇಕಾದರೆ ಮೊದಲು ವರ್ತಕನಿಗೇ ತಿಳಿದಿರಬೇಕು.

ಕೆಲವು ಸಂಗತಿಗಳನ್ನು ಪ್ರತಿಯೊಬ್ಬ ಬೆಳ್ಳಿ ವ್ಯಾಪಾರಿಯೂ ಗಮನದಲ್ಲಿಡುವುದು ಒಳಿತು. ಬ್ರಿಟಿಷರ ಕಾಲದ ಒಂದು ರೂಪಾಯಿ ನಾಣ್ಯದ ತೂಕ 11.66 ಗ್ರಾಂ. 1939ರವರೆಗೆ ಅದರಲ್ಲಿ ಶೇಕಡಾ 91.7ರಷ್ಟು ಬೆಳ್ಳಿ ಇತ್ತು. 1940ರಿಂದ ಅದು ಶೇಕಡಾ 50ಕ್ಕೆ ಇಳಿಯಿತು. 1947ರ ರೂಪಾಯಿಯಂತೂ ನಿಕ್ಕಲ್ಲಿನದು. ಅಂದರೆ ಮೊದಲನೆಯದರಲ್ಲಿ ಸುಮಾರು 10.7 ಗ್ರಾಂ, ಎರಡನೆಯದರಲ್ಲಿ ಸುಮಾರು 5.8 ಗ್ರಾಂ ಬೆಳ್ಳಿ. ಒಂದೇ ಸರದಲ್ಲಿ ಎರಡೂ ಬಗೆಯವು ಇರಬಹುದಾದ್ದರಿಂದ ಇಸವಿ ನೋಡದೆ ಒಟ್ಟಾಗಿ ಬೆಲೆ ಕಟ್ಟಿದರೆ ಕೊಡುವವರಿಗೋ ಕೊಳ್ಳುವವರಿಗೋ ಅನ್ಯಾಯವಾಗುವುದು ಖಂಡಿತ.

ಜರ್ಮನ್ ಸಿಲ್ವರ್ ಎಂಬ ಹೆಸರಿನ ಲೋಹದಲ್ಲಿ ಬೆಳ್ಳಿಯ ಅಂಶವೇ ಇಲ್ಲ. ಅದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಣ. ಇ.ಪಿ.ಎನ್.ಎಸ್. ಎಂಬ ಮುದ್ರೆಯುಳ್ಳ ಚಹಾ ಪಾತ್ರೆಗಳು ಅಂತಹುದೇ ಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಟ್ಟವು. ಟೊಳ್ಳು ಪದಾರ್ಥಗಳ ಒಳಗೆ ಅರಗು ತುಂಬಿರುವುದೂ ಉಂಟು. ಮಾರುವವರ ಎದುರಿನಲ್ಲೇ ಅದನ್ನು ತೋರಿಸಿ ತೂಕ ಕಳೆಯಬೇಕು. ಇದಕ್ಕೆ ವ್ಯತಿರಿಕ್ತವಾಗಿ, 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬಿದರಿ ಕಲೆಯ ಪದಾರ್ಥದಲ್ಲಿ ಬೆಳ್ಳಿ ಅಲ್ಪ, ಸತುವೇ ಅಧಿಕ. ಆದರೂ ಅದರ ಬೆಲೆ ಇರುವುದು ಕುಸುರಿಯಲ್ಲಿ. ಮದರಾಸಿನ ಪಿ. ಆರ್ ಅಂಡ್ ಸನ್ಸ್ ಸಂಸ್ಥೆಯು 19ನೆಯ ಶತಮಾನದಲ್ಲಿ ದೇವತಾ ಮೂರ್ತಿಗಳ ಉಬ್ಬು ಕೆತ್ತನೆಯಿಂದ ತಯಾರಿಸಿದ ‘ಸ್ವಾಮಿ’ ಮಾದರಿಯ ಬೆಳ್ಳಿ ಪಾತ್ರೆಗಳನ್ನು ಸಂಗ್ರಾಹಕರು ಇಂದಿಗೂ ಅರಸುತ್ತಾರೆ. ತಳದಲ್ಲಿರುವ ಸಣ್ಣ ಮುದ್ರೆಯನ್ನು ಭೂತಗನ್ನಡಿಯಿಂದ ನೋಡುವ ಎರಡು ನಿಮಿಷದ ಶ್ರಮವು ಅನೇಕ ಪಟ್ಟು ಫಲ ಕೊಡಬಲ್ಲುದು.

ಗಾಜಿನ ವಿಷಯವೂ ಇಷ್ಟೇ. ಅಟ್ಟದ ಮೇಲಿನ ಹಳೆಯ ಹೂದಾನಿ, ಅತ್ತರಿನ ಸೀಸೆ, ದೀಪದ ಬುರುಡೆಗಳನ್ನೆಲ್ಲ ‘ಬೆಲ್ಜಿಯಂ ಗಾಜು’ ಎಂದು ಕರೆಯುವುದು ವಾಡಿಕೆ. ವಾಸ್ತವದಲ್ಲಿ ಬರ್ಮಿಂಗ್‌ಹ್ಯಾಮಿನ ಆಸ್ಲರ್ ಸಂಸ್ಥೆಯು ಕಲ್ಕತ್ತೆಯಲ್ಲಿಯೇ ಮಳಿಗೆಯಿಟ್ಟು ಅರಸರಿಗೂ ಜಮೀನ್ದಾರರಿಗೂ ಕೆತ್ತನೆಯ ಗಾಜನ್ನು ಮಾರುತ್ತಿತ್ತು; ಬೊಹಿಮಿಯಾದ ಗಾಜೂ ಬಂದಿದೆ, ಫಿರೋಜಾಬಾದಿನದೂ ಇದೆ. ಕೈಯಿಂದ ಕಡಿದ ಗಾಜಿನ ಅಂಚುಗಳು ಬೆರಳಿಗೆ ಹರಿತವಾಗಿ ತಾಗುತ್ತವೆ. ಅಚ್ಚಿನಲ್ಲಿ ಒತ್ತಿದ ಗಾಜಿನ ಅಂಚುಗಳು ಮೊಂಡಾಗಿದ್ದು ಅಚ್ಚಿನ ಸಂದುಗೆರೆ ಕಾಣಿಸಬಹುದು. ಸೀಸ ಬೆರೆತ ಗಾಜು ಭಾರವಾಗಿದ್ದು ತಟ್ಟಿದರೆ ಗಂಟೆಯಂತೆ ನಾದ ಕೊಡುತ್ತದೆ. ಇಂತಹ ಪಾತ್ರೆಯಲ್ಲಿ ಪಾನೀಯ, ಉಪ್ಪಿನಕಾಯಿಗಳನ್ನು ಬಹುಕಾಲ ಇಡಬಾರದೆಂಬುದನ್ನು ಕೊಳ್ಳುವವರಿಗೆ ಹೇಳತಕ್ಕದ್ದು.

ಕಾನೂನಿನ ಅರಿವು ಅತ್ಯಗತ್ಯ. ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972ರ ಪ್ರಕಾರ ನೂರು ವರ್ಷಗಳಿಗಿಂತ ಕಡಿಮೆಯಿಲ್ಲದ ಕಲೆ, ಕರಕುಶಲ, ಧರ್ಮ, ಆಚಾರಗಳ ಕುರುಹಾದ ವಸ್ತುಗಳು ಪುರಾತನ ವಸ್ತುಗಳಾಗಬಲ್ಲವು. ಅಂತಹವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಹೊರದೇಶಕ್ಕೆ ಒಯ್ಯುವುದು ನಿಷಿದ್ಧ. ವಿದೇಶದಲ್ಲಿರುವ ಬಂಧುಗಳಿಗೆ ಹಳೆಯ ಬೆಳ್ಳಿ ಕಳುಹಿಸುವವರೂ ಇದನ್ನು ಮರೆಯಬಾರದು. ಇನ್ನು ತೆರಿಗೆಯ ವಿಚಾರ. ಬಳಸಿದ ವಸ್ತುವನ್ನು ರೂಪ ಕೆಡಿಸದೆ ಹಾಗೆಯೇ ಮಾರಿದರೆ, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಕೇಂದ್ರ ಜಿ.ಎಸ್.ಟಿ. ನಿಯಮ 32(5)ರಂತೆ ಕೊಂಡ ಬೆಲೆ ಮತ್ತು ಮಾರಿದ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ. ಬಳಸಿದ ಆಭರಣಗಳ ಕುರಿತು ಕರ್ನಾಟಕದ ಮುಂಗಡ ನಿರ್ಣಯ ಪ್ರಾಧಿಕಾರವು 2021ರಲ್ಲಿ ಇದೇ ಅಭಿಪ್ರಾಯ ನೀಡಿತ್ತು. ಅಂತಹ ನಿರ್ಣಯ ಅರ್ಜಿದಾರರಿಗಷ್ಟೇ ಅನ್ವಯವಾಗುವುದರಿಂದ ತಮ್ಮ ಲೆಕ್ಕಪರಿಶೋಧಕರನ್ನು ಕೇಳಿ ಮುಂದುವರಿಯುವುದು ಕ್ಷೇಮ. ಕರಗಿಸಿದೊಡನೆ ಈ ಅನುಕೂಲ ಕೈತಪ್ಪುತ್ತದೆ.

ಹಾಗೆಂದು ಎಲ್ಲ ಹಳೆಯ ಬೆಳ್ಳಿಯನ್ನೂ ಕಾಪಿಡಬೇಕೆಂಬ ವಾದ ನನ್ನದಲ್ಲ. ನಾಲ್ಕು ದಶಕಗಳ ಹಿಂದೆ ಯಂತ್ರದಲ್ಲಿ ಒತ್ತಿದ, ತಗ್ಗು ಬಿದ್ದ ಲೋಟ ಮೂಸೆಗೆ ಹೋದರೆ ನಷ್ಟವೇನಿಲ್ಲ. ಸಣ್ಣ ಊರಿನ ವರ್ತಕನ ಬಂಡವಾಳವು ಕಪಾಟಿನಲ್ಲಿ ಸಿಲುಕಿಕೊಳ್ಳಬಾರದೆಂಬುದೂ ನಿಜ. ಧಾರಣೆ ಏರಿದಂತೆ ಕುಸುರಿಗೆ ಸಿಗುವ ಹೆಚ್ಚುವರಿ ಬೆಲೆ ಲೋಹದ ಬೆಲೆಯ ಮುಂದೆ ಕಿರಿದಾಗಿ ಕಾಣುತ್ತದೆ. ಆದಕಾರಣ ಒಬ್ಬೊಬ್ಬರೇ ಮಾಡಲಾಗದ ಕಾರ್ಯವನ್ನು ಸಂಘಟಿತವಾಗಿ ಮಾಡುವುದು ಸೂಕ್ತ.

ಈ ದಿಸೆಯಲ್ಲಿ ನಮ್ಮ ವಾಣಿಜ್ಯ ಸಂಸ್ಥೆಯು ಮೂರು ಕ್ರಮಗಳನ್ನು ಪರಿಶೀಲಿಸಬಹುದು. ಒಂದು, ಕೈಕೆಲಸದ ಹಳೆಯ ಪದಾರ್ಥ ಬಂದಾಗ ಅದರ ಛಾಯಾಚಿತ್ರ, ತೂಕ, ಮುದ್ರೆ, ಮಾರಿದವರ ಗುರುತಿನ ವಿವರಗಳನ್ನು ದಾಖಲಿಸಿ ಏಳು ದಿನಗಳವರೆಗೆ ಕರಗಿಸದಿರುವ ಸ್ವಯಂಶಿಸ್ತು. ಕಳವಿನ ಮಾಲಿನ ಆರೋಪ ಬಂದಾಗ ಇದೇ ದಾಖಲೆ ವರ್ತಕನನ್ನು ಕಾಯುತ್ತದೆ. ಎರಡು, ನಾಲ್ಕೂ ತಾಲ್ಲೂಕುಗಳ ಬೆಳ್ಳಿ ವ್ಯಾಪಾರಿಗಳಿಗೂ ಅಕ್ಕಸಾಲಿಗರಿಗೂ ವರ್ಷಕ್ಕೊಮ್ಮೆ ಗುರುತಿಸುವಿಕೆಯ ತರಬೇತಿ. ಮೂರು, ದಾವಣಗೆರೆಯಲ್ಲಿ ವರ್ಷಕ್ಕೊಂದು ಪ್ರದರ್ಶನ. ಅದರಲ್ಲಿ ಮನೆತನಗಳು ತಮ್ಮ ವಸ್ತುಗಳನ್ನು ಮಾರದೆಯೂ ತೋರಿಸಬಹುದು.

ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈಯವರು ಕೆಡವಲಾಗುತ್ತಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಹಸ್ತಶಿಲ್ಪ ಪರಂಪರಾ ಗ್ರಾಮವನ್ನು ಕಟ್ಟಿದರು; ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವೂ ಇಂತಹುದೇ ಆಸಕ್ತಿಯ ಫಲ. ಅಷ್ಟು ದೊಡ್ಡ ಸಾಹಸ ನಮ್ಮಿಂದ ಆಗದಿರಬಹುದು. ಆದರೆ ತಕ್ಕಡಿಗೂ ಮೂಸೆಗೂ ನಡುವೆ ಏಳು ದಿನಗಳ ಬಿಡುವು ಕೊಡುವುದು ನಮ್ಮೆಲ್ಲರ ಕೈಯಲ್ಲಿದೆ. ಮುಂದಿನ ಮಾಸಿಕ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಪದಾಧಿಕಾರಿಗಳಲ್ಲಿಯೂ ಸದಸ್ಯ ಬಾಂಧವರಲ್ಲಿಯೂ ವಿನಂತಿಸುತ್ತೇನೆ.