ನದಿ ನೋಡ್ಲಿಕ್ಕೆ ಬರ್ರಿ, ನನ್ನ ಅಡಗಿಮನಿ ನಂಬಿ ಬರಬ್ಯಾಡ್ರಿ

ನಾವಿಬ್ಬರೂ ಧಾರವಾಡ ಬಿಟ್ಟು ದಾಂಡೇಲಿಗೆ ಬಂದು ಒಂದು ವರ್ಷ ಆತು. ಈ ವರ್ಷದಾಗ ಫೋನ್ ಮಾಡಿದವ್ರೆಲ್ಲಾ ಒಂದ ಮಾತು ಹೇಳೀರಿ, "ನಿಮ್ಮ ನಸೀಬ ಛಲೋ ಅದ ನೋಡ್ರಿ, ಸ್ವರ್ಗದಾಗ ಇದ್ದೀರಿ" ಅಂತ. ಇವತ್ತ ಆ ಮಾತಿಗೆ ಉತ್ತರ ಬರೀಬೇಕಂತ ಕೂತೀನಿ. ಸಿಟ್ಟು ಬರೋದಿದ್ರ ಪೂರ್ತಿ ಓದಿದ ಮ್ಯಾಲ ಬರ್ಲಿ.

ಊರು ಛಂದ ಅದ, ಅದರಾಗ ಎರಡು ಮಾತಿಲ್ಲ. ಧಾರವಾಡದಿಂದ ಸುಮಾರು 55 ಕಿ.ಮೀ. ಅಷ್ಟ. ಹಳಿಯಾಳ ದಾಟಿದ್ರ ಗಾಳಿನ ಬ್ಯಾರೆ. ಜೋಯಿಡಾ ತಾಲೂಕಿನ ಡಿಗ್ಗಿಯೊಳಗ ಹುಟ್ಟಿದ ಕಾಳಿ ನದಿ ನಮ್ಮೂರ ಮುಂದ ಹಾದು, ಕಾರವಾರದ ಹತ್ರ ಸಮುದ್ರ ಸೇರ್ತದ. ಸುತ್ತಲೂ ಹುಲಿ ಸಂರಕ್ಷಿತ ಅಡವಿ. ಮೊದಲ ಅದಕ್ಕ ದಾಂಡೇಲಿ-ಅಣಶಿ ಅಂತಿದ್ರು, 2015ರಾಗ ಕಾಳಿ ಅಂತ ಹೆಸರಿಟ್ರು. ಗಣೇಶಗುಡಿಯೊಳಗ ರಾಫ್ಟಿಂಗ್, ಕುಳಗಿ ಕಡೆ ಸಫಾರಿ, ಆಕಡೆ ಸಿಂಥೇರಿ ಬಂಡಿ, ಕವಳಾ ಗವಿ. ಇಷ್ಟೆಲ್ಲಾ ಅದ. ಆದ್ರ ಇದೆಲ್ಲಾ ಇರೋದು ಹೊಸ್ತಿಲದ ಹೊರಗ. ಇಂಥಾ ಊರು ಸ್ವರ್ಗ ಹೌದೋ ಅಲ್ಲೋ ಅನ್ನೋದು, ನೀವು ಹೊಸ್ತಿಲದ ಯಾವ ಕಡೆ ನಿಂತೀರಿ ಅನ್ನೋದರ ಮ್ಯಾಲ ಅದ. ನಾ ಹೇಳೋದು ಇಷ್ಟ: ಹೊರಗ ತಿರುಗಾಡೋ ಊರಿಗೆ ಗಂಡ-ಹೆಂಡ್ತಿ ಬಂದು ನೆಲಸಿದ್ರ, ಆ ಹೊರಗು ಇಬ್ಬರಿಗೂ ಸಿಗಬೇಕು. ಗಂಡಗ ಅಡವಿ, ಪಾವ್ಣ್ಯಾರಿಗೆ ನದಿ, ಹೆಂಡ್ತಿಗೆ ಅದ ಒಲಿ ಆದ್ರ, ಊರು ಯಾಕ ಬದಲು ಮಾಡಬೇಕು? ಒಲಿ ಧಾರವಾಡದಾಗೂ ಇತ್ತಲ್ಲ.

ಮೊದಲ ಮಳಿಗಾಲದ ಲೆಕ್ಕಾ ತಗೋರಿ. ನಾವು ಜ್ವಾಳದ ಸೀಮಿ ಮಂದಿ. ಇಲ್ಲಿ ಮಳಿ ಹಿಡೀತಂದ್ರ ಹಿಟ್ಟು ತಂಪು ಹಿಡೀತದ, ಹಪ್ಪಳ ಮೆತ್ತಗಾಗ್ತಾವ, ಟ್ರಂಕಿನ್ಯಾಗಿನ ರೇಷ್ಮಿ ಸೀರಿಗೆ ಬೂಷ್ಟು ಬರ್ತದ. ಅರಿವಿ ನಾಕು ದಿನಾದ್ರೂ ಒಣಗಂಗಿಲ್ಲ, ಅಡಗಿಮನ್ಯಾಗ ಹಗ್ಗಾ ಕಟ್ಟಿ ಒಲಿ ಝಳಕ್ಕ ಒಣಗಸಬೇಕು. ಅಂಗಳದಾಗ ಹೆಜ್ಜಿ ಇಟ್ರ ಕಾಲಿಗೆ ಉಂಬಳ. "ಮಳಿಗಾಲದ ದಾಂಡೇಲಿ ಏನ್ ಹಸಿರು!" ಅಂತ ಫೋಟೋ ಹಾಕಿದವ್ರು ಭಾಳ ಮಂದಿ. ಆ ಹಸಿರಿನ ಹಿಂದ ಒದ್ದಿ ಅರಿವಿ ಹಿಂಡೋ ಕೈ ಯಾವ ಫೋಟೋದಾಗ ಬಂದದ ಹೇಳ್ರಿ?

ಮಳಿ ನಿಂತ ಮ್ಯಾಲ ಪಾವ್ಣ್ಯಾರ ಸೀಜನ್. ದೀಪಾವಳಿಯಿಂದ ಸುರು ಆದದ್ದು ಮಕ್ಕಳ ಸೂಟಿ ಮುಗಿಯೋತನಕ ನಡೀತದ. ಒಂದ ವಾರದ್ದು ಲೆಕ್ಕಾ ಹೇಳ್ತೀನಿ. ಶನಿವಾರ ಆರು ಮಂದಿ ಬಂದ್ರು, ನಾವಿಬ್ಬರು, ಒಟ್ಟು ಎಂಟು. ಶನಿವಾರ ಮಧ್ಯಾಹ್ನ, ರಾತ್ರಿ, ರವಿವಾರ ನಾಷ್ಟಾ, ಮಧ್ಯಾಹ್ನದ ಊಟ: 32 ತಾಟು. ಒಬ್ಬರಿಗೆ ಮೂರರಂಗ ಎರಡ ಹೊತ್ತಿಗೆ ರೊಟ್ಟಿ ಬಡದ್ರೂ 48 ರೊಟ್ಟಿ. ಚಹಾದ ಕಪ್ಪು ನಾ ಎಣಸಲಿಲ್ಲ. ಆರೂ ಮಂದಿ ರಾಫ್ಟಿಂಗಿಗೆ ಹೋಗಿ ತೋಯ್ಸಿಕೊಂಡು ಬಂದ್ರು, ಆ ಅರಿವಿನೂ ನನ್ನ ಬಕೀಟಿನ್ಯಾಗ. ಹೋಗೂ ಮುಂದ ಕಾರಿನ ಕಿಟಕ್ಯಾಗಿಂದ ಕೂಗಿ ಹೇಳಿದ್ರು: "ಕಾಕು, ನೀವು ಎಷ್ಟು ಲಕ್ಕಿ, ದಿನಾ ಇದನ್ನ ನೋಡ್ತೀರಿ!" ಗಣೇಶಗುಡಿ ಇಲ್ಲಿಂದ ಸುಮಾರು 25 ಕಿ.ಮೀ. ಅವರು ಬಂದುಹೋಗೋತನಕ ನಾ ಅದನ್ನ ನೋಡಿದ್ದೇ ಇಲ್ಲ.

ಈ ಊರಿಗೆ ಹೆಸರು ತಂದದ್ದು ಹಾರ್ನ್‌ಬಿಲ್ ಹಕ್ಕಿ. ಮಂಗಟ್ಟೆ ಅಂತಾರ. ಇದರಾಗ ನಾಕು ಥರದ್ದು ಇಲ್ಲಿ ಸಿಗ್ತಾವಂತ ದೂರ ದೂರದಿಂದ ಕ್ಯಾಮೆರಾ ಹಿಡ್ಕೊಂಡು ಬರ್ತಾರ. ಹೆಣ್ಣು ಹಕ್ಕಿ ಮರದ ಪೊಟರಿ ಹೊಕ್ಕು, ಬಾಯಿ ಮೆತ್ತಿಕೊಂಡು ಬರೇ ಒಂದು ಸಂದಿ ಬಿಡ್ತದ. ಒಳಗ ಕೂತು ತತ್ತಿ ಇಟ್ಟು ಮರಿ ಮಾಡ್ತದ. ಗಂಡು ಹಕ್ಕಿ ದಿನಾ ಹಣ್ಣು ತಂದು ಆ ಸಂದ್ಯಾಗಿಂದ ಉಣಸ್ತದ. "ನೋಡು, ಹಕ್ಕಿಯೊಳಗೂ ಹೆಣ್ಣು ಮನ್ಯಾಗ ಇರ್ತದ" ಅಂತ ನಮ್ಮ ಬಂಧು ಒಬ್ಬರು ನಕ್ಕರು. ನಾ ಅಂದೆ, ಖರೆ, ಆದ್ರ ಎರಡು ಮಾತು ಬಿಟ್ರಿ. ಒಂದು, ಅಲ್ಲಿ ಉಣಸೋದು ಗಂಡು. ಎರಡು, ಆ ಹೆಣ್ಣು ಒಳಗ ಇರೋದು ವರ್ಷದಾಗ ಕೆಲವು ತಿಂಗಳು ಅಷ್ಟ. ಕೆಲಸಾ ಮುಗದ ಮ್ಯಾಲ ಗ್ವಾಡಿ ಒಡಕೊಂಡು ಹೊರಗ ಹಾರ್ತದ. ನಮ್ಮ ಮರಿ ಹಾರಿ ಬೆಂಗಳೂರು, ಪುಣೆ ಸೇರಿ ವರ್ಷಗಟ್ಟಲೆ ಆತು. ನಮ್ಮ ಗ್ವಾಡಿ ಮಾತ್ರ ಹಂಗ ಅದ.

"ಪಾವ್ಣ್ಯಾರು ದೇವರಿದ್ದಂಗ, ನಮ್ಮ ಅತ್ತಿಗೋಳು ಮಾಡ್ಲಿಲ್ಲೇನು?" ಅಂತೀರಿ. ಮಾಡಿದ್ರು. ಆದ್ರ ಆಗ ಬರೋ ಪಾವ್ಣ್ಯಾರು ಬಾಣಂತನಕ್ಕ, ಬ್ಯಾನಿಗೆ, ಮದವಿಗೆ ಬರ್ತಿದ್ರು. ಬಂದಾಕಿ ಸೆರಗು ಸಿಗಿಸಿ ಈಳಗಿ ಮುಂದ ಕೂಡ್ತಿದ್ಲು. ನಾಕು ಕೈ ಕೂಡಿ ಮಾಡಿದ್ದಕ್ಕ ಅದು ಹಗರ ಇತ್ತು, ಹರಟಿನೂ ಇತ್ತು. ಈಗ ಬರೋದು ನಮ್ಮನ್ನ ನೋಡ್ಲಿಕ್ಕಲ್ಲ, ನದಿ ನೋಡ್ಲಿಕ್ಕೆ. ರಾಫ್ಟಿಂಗಿಗೆ ರೊಕ್ಕಾ ಕೊಡ್ತಾರ, ಸಫಾರಿಗೆ ಕೊಡ್ತಾರ, ಊಟಾ-ವಸತಿ ಮಾತ್ರ "ನಮ್ಮವರ ಮನಿ" ಅಂತ ಉಳಸ್ತಾರ. ನನಗ ರೊಕ್ಕದ ಆಶಾ ಇಲ್ಲ. ನನ್ನ ಹೊತ್ತು ಹೋಗ್ತದ, ಅದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ. ಸಂಕಟ ಅದು.

ಇನ್ನ ಮನಿ ಯಜಮಾನ್ರ ಮಾತು. ರಿಟೈರ್ ಆದ ಮ್ಯಾಲ ಶಾಂತಿ ಬೇಕಂತ ಬಂದ್ರು. ಮುಂಜಾನಿ ಆರಕ್ಕ ದುರ್ಬೀನು ಕೊಳ್ಳಾಗ ಹಾಕ್ಕೊಂಡು ಹೋದ್ರ ಒಂಬತ್ತಕ್ಕ ಬಂದು "ನಾಷ್ಟಾ ಏನು?" ಅಂತಿದ್ರು. ರಿಟೈರ್ಮೆಂಟಿನ ಕಾಗದ ಅವರಿಗೆ ಬಂತು, ನನಗ ಯಾರು ಕೊಡವ್ರು? ಒಂದಿನಾ ಕೂಡಿಸಿ ಹೇಳಿದೆ: ವಾರದಾಗ ಮೂರು ದಿನಾ ಮುಂಜಾನಿ ನಂದು. ಆ ಮೂರು ದಿನಾ ಚಹಾ, ಅವಲಕ್ಕಿ, ಭಾಂಡಿ ನಿಮ್ಮದು. ಮೊದಲನೇ ವಾರ ಒಗ್ಗರಣಿ ಹತ್ತಿ ಮನಿ ತುಂಬ ಹೊಗಿ ಆತು. ಈಗ ಅವಲಕ್ಕಿ ನನಗಿಂತ ಛಲೋ ಹಚ್ತಾರ. ಗಂಡಸರ ಕೈಗೆ ಬರಲಾರದ್ದು ಇದರಾಗ ಏನೂ ಇಲ್ಲ.

ಆ ಮೂರು ಮುಂಜಾನಿ ನನಗ ಈ ಊರಿನ ಹೆಣ್ಮಕ್ಕಳನ್ನ ಕೊಟ್ಟಾವ. ನಮ್ಮ ಓಣ್ಯಾಗ ಕಾಗದದ ಕಾರ್ಖಾನಿಗೆ ದುಡೀಲಿಕ್ಕೆ ಅಂತ ಬಂದ ಮನೆತನದವ್ರು ಅದಾರ. ಕನ್ನಡ, ಕೊಂಕಣಿ, ಮರಾಠಿ, ಉರ್ದು ಎಲ್ಲಾ ಕೇಳ್ತದ. ಹೊಸಾ ಸೊಸಿಯಾಗಿ ಬಂದು ಇಲ್ಲೇ ಮುದುಕ್ಯಾದವ್ರು ಅವರು. ಜ್ವಾಳದ ಹಿಟ್ಟು ಹೆಂಗ ಕಾಯಬೇಕು, ನದಿಯೊಳಗ ಮೊಸಳಿ ಎಲ್ಲಿ ಬಿಸಲಿಗೆ ಮಲಗ್ತಾವ, ಯಾವ ದಂಡಿಗೆ ಇಳೀಬಾರದು, ಎಲ್ಲಾ ಅವರ ಬಾಯಾಗಿಂದ ತಿಳಕೊಂಡೆ. ಸಂತ್ಯಾಗ ಜೋಯಿಡಾ ಕಡೆ ಕುಣಬಿ ಹೆಣ್ಮಗಳು ಒಬ್ಬಾಕಿ ಗೆಡ್ಡಿ-ಗೆಣಸು ಹೆಂಗ ಕುದಸಬೇಕು ಅಂತ ಕಲಿಸಿದ್ಲು. ಇಂಥಾ ಹೆಣ್ಮಕ್ಕಳಿಗೆ ಅಡವಿ ಅಂದ್ರ ಮೋಜಲ್ಲ, ಹೊಟ್ಟಿಪಾಡು. ಫೋಟೋ ಹೊಡಿಯೋ ಮಂದಿಗೆ ಇವರು ಕಾಣಂಗಿಲ್ಲ. ಮನ್ಯಾಗ ಕೂತಿದ್ರ ನನಗೂ ಕಾಣ್ತಿದ್ದಿಲ್ಲ.

"ಮೊಣಕಾಲು ನೋಯ್ತಾವ, ಈ ವಯಸ್ಸಿನ್ಯಾಗ ಹೊರಗ ಹೋಗಿ ಏನ್ ಮಾಡೋದು?" ಅನ್ನೋ ಅಕ್ಕಂದಿರಿಗೆ ಒಂದ ಪ್ರಶ್ನಿ. ಎರಡ ತಾಸು ಒಲಿ ಮುಂದ ನಿಂದ್ರುವಾಗ ಆ ಮೊಣಕಾಲು ನೋಯಂಗಿಲ್ಲೇನು? ಪಾವ್ಣ್ಯಾರಿಗೆ ನಿಂದ್ರೋ ಕಾಲು ನದಿ ದಂಡಿಗೂ ಅರ್ಧಾ ತಾಸು ನಡೀತಾವ.

ಇಂಥಾ ಊರಿಗೆ ಹೋಗಿ ನೆಲಸಬೇಕು ಅಂತ ಮನ್ಯಾಗ ಮಾತು ಎದ್ದಿದ್ರ, ಮನಿ ನೋಡೋಕಿಂತ ಮೊದಲ ಕೇಳ್ರಿ: ಮಳಿಗಾಲದಾಗ ಅರಿವಿ ಎಲ್ಲಿ ಒಣಗ್ತಾವ? ದವಾಖಾನಿ ಎಷ್ಟು ದೂರ? ನಾ ಒಬ್ಬಾಕಿನ ನಡಕೊಂಡು ಸಂತಿಗೆ ಹೋಗಿ ಬರಲಿಕ್ಕೆ ಆಗ್ತದೇನು? ಮುಂಜಾನಿ ಚಹಾ ಯಾರು ಮಾಡ್ತಾರ? ಇದಕ್ಕ ನೆಟ್ಟಗ ಉತ್ತರ ಸಿಗಲಿಲ್ಲಂದ್ರ ಗುಡ್ಡಾ, ನದಿ ಎಲ್ಲಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಇದ್ದಂಗ.

ಇನ್ನ ನಮ್ಮ ಮನಿಗೆ ಬರೋ ವೈನಿ, ಕಾಕು, ಸೊಸಿಂದ್ರಿಗೆ: ಬರ್ರಿ, ಬಾಗಲಾ ತಗದ ಅದ. ಎಂಟು ದಿನಾ ಮೊದಲ ಹೇಳ್ರಿ. ಬರೂ ಮುಂದ ಒಂದ ಗಂಟು ಖಡಕ್ ರೊಟ್ಟಿ, ಒಂದ ಡಬ್ಬಿ ಗುರೆಳ್ಳು ಚಟ್ನಿ ತರ್ರಿ. ಉಂಡ ತಾಟು ನೀವ ತೊಳೀರಿ, ನಿಮ್ಮ ಗಂಡಸರ ಕಡೆನೂ ತೊಳಸ್ರಿ. ರವಿವಾರ ಮುಂಜಾನಿ ಗಣೇಶಗುಡಿಗೆ ಹೋಗೂ ಮುಂದ ಕಾರಿನ್ಯಾಗ ನನಗೂ ಒಂದು ಸೀಟು ಇಡ್ರಿ. ಮಧ್ಯಾಹ್ನದ ಅಡಗಿ ಎಲ್ಲಾರೂ ಬಂದ ಮ್ಯಾಲ ಎಲ್ಲಾರೂ ಕೂಡಿ ಮಾಡೋಣು. ತಡಾ ಆದ್ರ ಆಗ್ಲಿ, ಯಾರೂ ಹಸಿವಿಲೆ ಸಾಯಂಗಿಲ್ಲ.