ನಂಬರ್ 1 ಹಾಡನ್ನೇ ನುಡಿಸದ ಡಿಜೆ

ಕಳೆದ ಗಣೇಶನ ಹಬ್ಬದಲ್ಲಿ ನಮ್ಮೂರ ಮೆರವಣಿಗೆಯ ಟ್ರ್ಯಾಕ್ಟರ್ ಹಿಂದೆ ನಡೆಯುತ್ತಿದ್ದಾಗ ನಾನೇ ಮಾಡಿದ ರಿಮಿಕ್ಸ್ ಒಂದು ಕಿವಿಗೆ ಬಿತ್ತು. ಜಾನಪದ ಹಾಡೊಂದರಿಂದ ಗಾಯಕಿಯ ಧ್ವನಿಯನ್ನಷ್ಟೇ ಬೇರ್ಪಡಿಸಿ, ಅದರ ಕೆಳಗೆ ಹೊಸ ಕಿಕ್ಕು, ಹೊಸ ಬೇಸು ಕೂರಿಸಿ, ಹಾಸ್ಟೆಲ್ಲಿನಲ್ಲಿ ಎರಡು ರಾತ್ರಿ ನಿದ್ದೆಗೆಟ್ಟು ಮಾಡಿದ್ದು. ಸೌಂಡ್ ಸಿಸ್ಟಮ್‌ನವರು ಅದಕ್ಕೆ ಕೊಟ್ಟಿದ್ದು ಐನೂರು ರೂಪಾಯಿ. ಖುಷಿಯಿಂದ ಪಕ್ಕದ ಗೆಳೆಯನಿಗೆ 'ಕೇಳು, ಈಗ ನನ್ನ ಹೆಸರು ಬರ್ತದ' ಅಂದೆ. ಹೆಸರು ಬಂತು. ಆದರೆ ನನ್ನದಲ್ಲ. ನಾನು ಹಾಕಿದ್ದ ಹೆಸರನ್ನು ಕತ್ತರಿಸಿ ಅಲ್ಲಿ ಬೇರೆ ಯಾರದ್ದೋ ಹೆಸರು ಅಂಟಿಸಿದ್ದರು.

ಯೂಟ್ಯೂಬ್‌ನಲ್ಲಿ ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡು ಕೇಳಿದವರಿಗೆ ಈ ಕೂಗು ಗೊತ್ತು. ಹಾಡು ಇನ್ನೇನು ಏರಬೇಕು ಅನ್ನುವಾಗ 'ಡಿಜೆ ಇಂಥವನು, ಇಂಥ ಊರು' ಎಂದು ಗಡಸು ದನಿಯೊಂದು ಕೂಗುತ್ತದೆ. ಕೇಳುಗರಿಗೆ ಕಿರಿಕಿರಿ. ಮಾಡಿದವನಿಗೆ ಮಾತ್ರ ಅದೊಂದೇ ದಾಖಲೆ. ಹೊಲಕ್ಕೆ ಹಾಕಿದ ಬೇಲಿ ಇದ್ದ ಹಾಗೆ. ನನ್ನ ಬೇಲಿ ಕಿತ್ತಿದ್ದರು. ದೂರು ಕೊಡೋಣವೆಂದರೆ ಯಾರಿಗೆ? ಆ ಗಾಯಕಿಯನ್ನು ನಾನೂ ಒಂದು ಮಾತು ಕೇಳಿರಲಿಲ್ಲ.

ಈ ಮುಜುಗರದ ಪ್ರಶ್ನೆ ತಲೆಯಲ್ಲಿರುವಾಗಲೇ ಎರಿಕ್ ಪ್ರಿಡ್ಜ್ ಅವರ ವೃತ್ತಿಜೀವನದ ಬಗ್ಗೆ ಓದತೊಡಗಿದೆ. ಪ್ರಿಡ್ಜ್ ಸ್ವೀಡನ್ನಿನವರು, 1976ರಲ್ಲಿ ಸ್ಟಾಕ್‌ಹೋಮ್ ಪಕ್ಕದ ಟೇಬಿಯಲ್ಲಿ ಹುಟ್ಟಿದವರು. ಪ್ರೊಗ್ರೆಸಿವ್ ಹೌಸ್ ಎಂಬ ನೃತ್ಯಸಂಗೀತದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ದೊಡ್ಡ ಹೆಸರು. ನಿಮಿಷಕ್ಕೆ ಸುಮಾರು 120ರಿಂದ 130 ಬಡಿತ. ಒಂದು ಸಣ್ಣ ರಾಗದ ತುಂಡನ್ನು ಹಿಡಿದು ಏಳೆಂಟು ನಿಮಿಷ ಅದಕ್ಕೆ ಒಂದೊಂದೇ ಪದರ ಸೇರಿಸುತ್ತಾ ಹೋಗುವುದು ಈ ಸಂಗೀತದ ರೀತಿ. ರೀಲ್ಸ್‌ನ ಮೂವತ್ತು ಸೆಕೆಂಡಿಗೆ ಇದು ಒಗ್ಗುವುದಿಲ್ಲ. ಭಜನೆ ನಿಧಾನಕ್ಕೆ ಶುರುವಾಗಿ ಕಡೆಗೆ ಇಡೀ ಗುಡಿಯೇ ಎದ್ದು ಕುಣಿಯುವ ಹಾಗಾಗುತ್ತದಲ್ಲ, ಅದನ್ನು ನೆನೆಸಿಕೊಂಡರೆ ಸ್ವಲ್ಪ ಅರ್ಥವಾದೀತು.

ಜಗತ್ತಿಗೆ ಪ್ರಿಡ್ಜ್ ಗೊತ್ತಾಗಿದ್ದು 2004ರ 'ಕಾಲ್ ಆನ್ ಮಿ' ಹಾಡಿನಿಂದ. ಬ್ರಿಟನ್ನಿನಲ್ಲಿ ಅದು ಒಟ್ಟು ಐದು ವಾರ ನಂಬರ್ 1 ಆಗಿತ್ತು. ಅದರ ಜೀವ ಇರುವುದು ಸ್ಟೀವ್ ವಿನ್‌ವುಡ್ ಅವರ 1982ರ 'ವ್ಯಾಲರಿ' ಹಾಡಿನ ಒಂದು ಸಾಲಿನಲ್ಲಿ. ತಮಾಷೆಯೆಂದರೆ 'ವ್ಯಾಲರಿ' ಕೂಡ ಮೊದಲ ಸಲ ಅಷ್ಟೇನೂ ಓಡಿರಲಿಲ್ಲ; 1987ರಲ್ಲಿ ರಿಮಿಕ್ಸ್ ಆಗಿ ಬಂದ ಮೇಲೆಯೇ ಗೆದ್ದಿದ್ದು. ಪ್ರಿಡ್ಜ್ ಮಾಡಿದ್ದನ್ನು ಕೇಳಿದ ವಿನ್‌ವುಡ್ ಅನುಮತಿ ಕೊಟ್ಟಿದ್ದಲ್ಲದೆ ಹೊಸ ಹಾಡಿಗೆ ಹೊಂದುವಂತೆ ಸಾಲನ್ನು ಮತ್ತೆ ಹಾಡಿಕೊಟ್ಟರು. ಹಾಡು ಬರೆದವರ ಪಟ್ಟಿಯಲ್ಲಿ ವಿನ್‌ವುಡ್ ಮತ್ತು ಅವರ ಜೊತೆಗಾರ ವಿಲ್ ಜೆನ್ನಿಂಗ್ಸ್ ಹೆಸರಿದೆ. ಹಾಗಾಗಿ ಆ ಹಾಡು ಎಲ್ಲಿ ಮೊಳಗಿದರೂ ಒಂದು ಪಾಲು ಅವರಿಗೆ ಹೋಗುತ್ತದೆ.

ಇದೇ ಸಾಲನ್ನು ಫ್ರಾನ್ಸಿನ ಥಾಮಸ್ ಬಂಗಾಲ್ಟರ್ ಮತ್ತು ಡಿಜೆ ಫಾಲ್ಕನ್ ಜೋಡಿ ಅದಕ್ಕೂ ಮೊದಲೇ ತಮ್ಮ ಸೆಟ್‌ಗಳಲ್ಲಿ ಬಳಸುತ್ತಿತ್ತು. ಆದರೆ ಅವರು ಅದನ್ನು ಬಿಡುಗಡೆ ಮಾಡಲಿಲ್ಲ. ಪ್ರಿಡ್ಜ್ ಮಾಡಿದರು. ಕಾನೂನಿನಲ್ಲಿ ಐಡಿಯಾಕ್ಕೆ ಒಡೆತನ ಇಲ್ಲ, ಧ್ವನಿಮುದ್ರಣಕ್ಕೆ ಇದೆ. ಪ್ರಿಡ್ಜ್ ಅಭಿಮಾನಿಯಾದರೂ ಈ ವಿಷಯವನ್ನು ನುಂಗಿಕೊಂಡು ಬರೆಯಲು ನನಗೆ ಮನಸ್ಸಾಗಲಿಲ್ಲ.

ಅಷ್ಟು ದೊಡ್ಡ ಗೆಲುವು ಸಿಕ್ಕ ಮೇಲೆ ಬೇರೆ ಯಾರಾದರೂ ಅದರ ಬೆನ್ನಿಗೇ ಇನ್ನೂ ಹತ್ತು 'ಕಾಲ್ ಆನ್ ಮಿ' ಮಾಡುತ್ತಿದ್ದರು. ಪ್ರಿಡ್ಜ್ ತಮ್ಮ ಕಾರ್ಯಕ್ರಮಗಳಲ್ಲಿ ಅದನ್ನು ನುಡಿಸುವುದನ್ನೇ ನಿಲ್ಲಿಸಿದರು. ಟಿಕೆಟ್ ಕೊಂಡು ಅದೊಂದು ಹಾಡಿಗಾಗಿ ಬಂದವರು ನಿರಾಶರಾಗಿ ಹೋಗಿದ್ದೂ ಉಂಟು. ಇದನ್ನು ಅಹಂಕಾರ ಅನ್ನುವವರಿದ್ದಾರೆ. ನನಗೆ ಅದು ಲೆಕ್ಕಾಚಾರದ ಹಾಗೆ ಕಾಣುತ್ತದೆ. ಆ ಹಾಡು ಗೆದ್ದಿದ್ದು ಬೇರೆಯವರ ದನಿಯಿಂದ, ಬೇರೆಯವರ ಕಂಪನಿಯಿಂದ, ಏರೋಬಿಕ್ಸ್ ಕ್ಲಾಸಿನ ಒಂದು ವಿಡಿಯೊದಿಂದ. ಅದರಲ್ಲಿ ತನ್ನದು ಎನ್ನುವುದು ಎಷ್ಟು?

ಅದೇ ಕಾಲದಲ್ಲಿ ಅವರು ಸದ್ದಿಲ್ಲದೆ ಇನ್ನೊಂದು ಕೆಲಸ ಮಾಡುತ್ತಿದ್ದರು. ಪ್ರೈಡಾ, ಮೌಸ್‌ವಿಲ್ ಎಂಬ ಸ್ವಂತ ಲೇಬಲ್‌ಗಳನ್ನು ಕಟ್ಟಿಕೊಂಡು ಬೇರೆ ಬೇರೆ ಹೆಸರಿನಲ್ಲಿ ಸಂಗೀತ ಹೊರತಂದರು. ರಾಗವಿರುವ, ಭಾವುಕವಾದ ಟ್ರ್ಯಾಕ್‌ಗಳು ಪ್ರೈಡಾ ಹೆಸರಿನಲ್ಲಿ. ಒರಟಾದ, ಕತ್ತಲೆಯ ಟೆಕ್ನೊ ಸಿರೆಜ್ ಡಿ ಹೆಸರಿನಲ್ಲಿ. ರೇಡಿಯೊಗೆ ಹೋಗಬಹುದಾದದ್ದು ಎರಿಕ್ ಪ್ರಿಡ್ಜ್ ಹೆಸರಿನಲ್ಲಿ. 2008ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿದ 'ಪಿಯಾನೂ' ಮೂಲತಃ ಪ್ರೈಡಾ ಟ್ರ್ಯಾಕ್. ಅದರಲ್ಲಿ ಹಾಡುವವರಿಲ್ಲ. ಎರವಲು ದನಿಯಿಲ್ಲದ, ಬರೀ ಪಿಯಾನೊ ತುಣುಕಿನ ಮೇಲೆ ನಿಂತ ಹಾಡು. ಇವತ್ತಿಗೂ ಮನೆಯಲ್ಲಿ ಸಂಗೀತ ಮಾಡುವ ಹುಡುಗರ ನಡುವೆ 'ಪ್ರೈಡಾ ಸ್ನೇರ್' ಎಂಬ ಮಾತು ಚಾಲ್ತಿಯಲ್ಲಿದೆ. ಹಾಡು ತಿರುಗುವ ಮುನ್ನ ದೊಡ್ಡ ಮಂಟಪದಲ್ಲಿ ಯಾರೋ ಒಂದೇ ಸಲ ಹೊಡೆದ ಹಾಗೆ ಮೊಳಗುವ ಡ್ರಮ್ ಏಟು ಅದು. ಅದೂ ಒಂದು ಹೆಸರಿನ ಕೂಗೇ. ಆದರೆ ಅದನ್ನು ಕತ್ತರಿಸಿದರೆ ಹಾಡೇ ಕೆಟ್ಟುಹೋಗುತ್ತದೆ. ನನ್ನ ಬೇಲಿಗೂ ಅವರ ಬೇಲಿಗೂ ಇರುವ ವ್ಯತ್ಯಾಸ ಇದು.

ಪ್ರಿಡ್ಜ್ ಮಾಡಿದ ರಿಮಿಕ್ಸ್‌ಗಳಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು 2007ರ 'ಪ್ರಾಪರ್ ಎಜುಕೇಷನ್'. ಅದು ಪಿಂಕ್ ಫ್ಲಾಯ್ಡ್ ತಂಡ 1979ರಲ್ಲಿ ತಂದ 'ಅನದರ್ ಬ್ರಿಕ್ ಇನ್ ದ ವಾಲ್' ಹಾಡಿನ ಮರುರೂಪ. ತಂಡದ ಅನುಮತಿ ಪಡೆದೇ ಮಾಡಿದ್ದು. ಮೂಲ ಹಾಡಿನಲ್ಲಿ ಶಾಲಾಮಕ್ಕಳು ಒಟ್ಟಾಗಿ ಹಾಡುವ ಭಾಗವಿದೆ, ರಿಮಿಕ್ಸ್‌ನಲ್ಲೂ ಇದೆ. ಆ ದನಿಗಳು ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ ಮಕ್ಕಳದು. ಆಗ ಶಾಲೆಗೆ ಸಿಕ್ಕಿದ್ದು ಒಂದೇ ಸಲದ 1,000 ಪೌಂಡ್. ಮಕ್ಕಳ ಕೈಗೆ ಹಣ ಬರಲಿಲ್ಲ. ಹಾಡು ಜಗತ್ತನ್ನೇ ಸುತ್ತಿತು. 1996ರಲ್ಲಿ ಬ್ರಿಟನ್ನಿನ ಹಕ್ಕುಸ್ವಾಮ್ಯ ಕಾನೂನು ಬದಲಾಗಿ, ಪ್ರಸಾರದ ಹಣದಲ್ಲಿ ಹಾಡಿದವರಿಗೂ ಪಾಲು ಸಿಗುವ ದಾರಿ ತೆರೆಯಿತು. 2004ರಲ್ಲಿ, ಹಾಡಿ ಇಪ್ಪತ್ತೈದು ವರ್ಷವಾದ ಮೇಲೆ, ನಡುವಯಸ್ಸು ಮುಟ್ಟುತ್ತಿದ್ದ ಆ 'ಮಕ್ಕಳು' ತಮ್ಮ ಪಾಲು ಕೇಳಿದರು.

ರಿಮಿಕ್ಸ್ ಮಾಡುವವನ ಸ್ಥಿತಿ ಬಹುಮಟ್ಟಿಗೆ ಆ ಶಾಲಾಮಕ್ಕಳದೇ. ಸಂಗೀತ ಕಂಪನಿ ಹಾಡಿನ ಬಿಡಿ ಪದರಗಳನ್ನು, ಅಂದರೆ ದನಿ ಬೇರೆ, ಡ್ರಮ್ ಬೇರೆ, ಬೇಸ್ ಬೇರೆ ಕಡತಗಳನ್ನು ಕಳಿಸುತ್ತದೆ. ಇವನು ಅದನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಾನೆ. ಸಾಮಾನ್ಯವಾಗಿ ಒಂದು ಇಡಿ ಮೊತ್ತ ಕೊಡುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ, ಮುಗಿಯಿತು. ಹೊಸ ಧ್ವನಿಮುದ್ರಣ ಕಂಪನಿಯದು, ರಚನೆ ಮೂಲ ಬರಹಗಾರರದು. ನಂತರ ಅದು ಕೋಟಿ ಸಲ ಕೇಳಿಸಿದರೂ ರಿಮಿಕ್ಸ್ ಮಾಡಿದವನಿಗೆ ಹೆಚ್ಚಿಗೆ ಏನೂ ಬರಬೇಕಾಗಿಲ್ಲ. ಹೆಸರಿದ್ದವರು ಚೌಕಾಶಿ ಮಾಡಿ ಸಣ್ಣ ಪಾಲು ಬರೆಸಿಕೊಳ್ಳಬಹುದು. ಹೊಸಬರಿಗೆ ಆ ಮಾತೆತ್ತುವ ಧೈರ್ಯವೂ ಇರುವುದಿಲ್ಲ.

ನಮ್ಮ ದೇಶದ ಕಾನೂನು? 2012ರ ತಿದ್ದುಪಡಿ ಸಂಗೀತ ನಿರ್ದೇಶಕರಿಗೆ ಮತ್ತು ಗೀತರಚನೆಕಾರರಿಗೆ ದೊಡ್ಡ ಬಲ ಕೊಟ್ಟಿತು. ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರುವ ರಾಯಧನದ ಪಾಲನ್ನು ಅವರು ನಿರ್ಮಾಪಕರಿಗೆ ಬರೆದುಕೊಡುವಂತಿಲ್ಲ. ಅದೇ ತಿದ್ದುಪಡಿ ಹಳೆ ಹಾಡನ್ನು ಮತ್ತೆ ಹಾಡಿಸಿ ಹೊರತರುವವರಿಗೂ ಕಡಿವಾಣ ಹಾಕಿತು. 2002ರ 'ಕಾಂಟಾ ಲಗಾ' ಕಾಲದಲ್ಲಿ ಹಿಂದಿ ರಿಮಿಕ್ಸ್‌ಗಳ ಸುರಿಮಳೆಯೇ ಆಗಿತ್ತಲ್ಲ, ಆಗ ಮೂಲ ಹಾಡು ಬಂದು ಎರಡು ವರ್ಷ ಕಳೆದಿದ್ದರೆ ಸಾಕಿತ್ತು. ಈಗ ಐದು ವರ್ಷ ಕಾಯಬೇಕು, ರಾಯಧನ ಮುಂಗಡ ಕಟ್ಟಬೇಕು, ತಾಂತ್ರಿಕವಾಗಿ ಅನಿವಾರ್ಯವಾದದ್ದು ಬಿಟ್ಟರೆ ಒಪ್ಪಿಗೆಯಿಲ್ಲದೆ ಹಾಡನ್ನು ಬದಲಿಸುವಂತಿಲ್ಲ. ಬದಲಿಸುವುದೇ ರಿಮಿಕ್ಸ್ ಆದ್ದರಿಂದ ಆ ಬಾಗಿಲು ನಮಗೆ ಮುಚ್ಚಿದೆ. ಹೋಗಲಿ, ಅನುಮತಿ ಪಡೆದು ಮಾಡಿದರೂ ಧ್ವನಿಮುದ್ರಣದ ಒಡೆಯ ಎಂದು ಕಾನೂನು ಮೊದಲು ಗುರುತಿಸುವುದು ಹಣ ಹಾಕಿ ಹೊಣೆ ಹೊತ್ತ ನಿರ್ಮಾಪಕನನ್ನು, ಕಂಪ್ಯೂಟರ್ ಮುಂದೆ ರಾತ್ರಿ ಕಳೆದವನನ್ನಲ್ಲ.

ಈ ಹಳೆಯ ವಿಷಯ ಈಗ ಯಾಕೆ ಎಂದರೆ, 2024ರ ಜೂನ್‌ನಲ್ಲಿ ಅಮೆರಿಕದ ದೊಡ್ಡ ಸಂಗೀತ ಕಂಪನಿಗಳು ಸುನೊ ಮತ್ತು ಯುಡಿಯೊ ಎಂಬ ಕೃತಕ ಬುದ್ಧಿಮತ್ತೆಯ ಸಂಗೀತ ಸೇವೆಗಳ ಮೇಲೆ ದಾವೆ ಹೂಡಿದವು. ತಮ್ಮ ಹಾಡುಗಳನ್ನು ಕೇಳದೆ ಬಳಸಿ ಯಂತ್ರಕ್ಕೆ ಕಲಿಸಿದ್ದಾರೆ ಎಂಬುದು ಆರೋಪ. 2025ರ ಅಕ್ಟೋಬರ್‌ನಲ್ಲಿ ಯುನಿವರ್ಸಲ್ ಕಂಪನಿ ಯುಡಿಯೊ ಜೊತೆ, ನವೆಂಬರ್‌ನಲ್ಲಿ ವಾರ್ನರ್ ಕಂಪನಿ ಸುನೊ ಜೊತೆ ರಾಜಿ ಮಾಡಿಕೊಂಡು ಪಾಲುದಾರಿಕೆಗೆ ಇಳಿದವು. ಅದೇ ನವೆಂಬರ್‌ನಲ್ಲಿ ಡೀಜರ್ ಎಂಬ ಫ್ರೆಂಚ್ ಸ್ಟ್ರೀಮಿಂಗ್ ಸಂಸ್ಥೆ, ತನ್ನಲ್ಲಿಗೆ ದಿನಕ್ಕೆ ಸುಮಾರು 50,000 ಹಾಡುಗಳು ಪೂರ್ತಿ ಯಂತ್ರದಿಂದಲೇ ತಯಾರಾಗಿ ಬರುತ್ತಿವೆ ಎಂದಿತು. ಆಗ ಹೊಸದಾಗಿ ಸೇರುತ್ತಿದ್ದ ಹಾಡುಗಳಲ್ಲಿ ಇದು ಮೂರನೇ ಒಂದು ಭಾಗವಾಗಿತ್ತು.

ರಾಜಿಯ ಮೇಜಿನಲ್ಲಿ ಯಾರು ಕೂತಿದ್ದರು ನೋಡಿ. ಕಾಗದದ ಮೇಲೆ ಒಡೆತನ ಇದ್ದವರು. ಯಂತ್ರ ಕಲಿತ ಸಂಗೀತದಲ್ಲಿ ಇಡಿ ಮೊತ್ತಕ್ಕೆ ದುಡಿದ ರಿಮಿಕ್ಸ್‌ಗಾರರ, ಸ್ಟುಡಿಯೊದಲ್ಲಿ ದಿನಗೂಲಿಗೆ ಡ್ರಮ್ ನುಡಿಸಿದವರ ಕೆಲಸವೂ ಸೇರಿರದೆ ಇರುತ್ತದೆಯೇ? ಅವರಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಇನ್ನು ನಮ್ಮಂಥವರ ಕತೆ ಕೇಳುವುದೇ ಬೇಡ. 2019ರಲ್ಲಿ ಇದೇ ಡೀಜರ್ ಹಾಡಿನಿಂದ ದನಿಯನ್ನು ಬೇರ್ಪಡಿಸುವ 'ಸ್ಪ್ಲೀಟರ್' ಎಂಬ ತಂತ್ರಾಂಶವನ್ನು ಪುಕ್ಕಟೆ ಬಿಟ್ಟಿತು. ಅಂಥ ಸಾಧನಗಳಿಂದಲೇ ನಾನು ಹಾಸ್ಟೆಲ್ಲಿನಲ್ಲಿ ಕೂತು ರಿಮಿಕ್ಸ್ ಮಾಡಲು ಸಾಧ್ಯವಾಗಿದ್ದು. ಹಾಗೆಯೇ ನನ್ನ ಹೆಸರನ್ನು ಅಳಿಸುವುದೂ ಸುಲಭವಾಯಿತು. ಮುಂದಿನ ವರ್ಷ ಸೌಂಡ್ ಸಿಸ್ಟಮ್‌ನವರಿಗೆ ನಾನೇ ಬೇಕಾಗಲಿಕ್ಕಿಲ್ಲ, ಎರಡು ಸಾಲು ಟೈಪ್ ಮಾಡಿದರೆ ಸಾಕಾದೀತು. ಡೇಟಾ ಎಂಟ್ರಿ, ಅನುವಾದ, ಲೋಗೊ ವಿನ್ಯಾಸ ಅಂತ ತುಂಡು ಕೆಲಸ ಹುಡುಕುತ್ತಿರುವ ನನ್ನ ಸಹಪಾಠಿಗಳೂ ಇದೇ ಮಾತು ಆಡುತ್ತಾರೆ.

ಹಾಗಂತ 'ಪ್ರಿಡ್ಜ್ ಥರ ಸ್ವಂತ ಲೇಬಲ್ ಕಟ್ಟಿ' ಎಂದು ಉಪದೇಶ ಮಾಡುವುದು ಸುಲಭ. ಬೇಡ ಅನ್ನಲು ಮೊದಲು ಹೊಟ್ಟೆ ತುಂಬಿರಬೇಕು. ಸ್ವೀಡನ್ನಿನಲ್ಲಿ ಊರೂರಿಗೂ ಸ್ಥಳೀಯ ಸರ್ಕಾರದ ಸಹಾಯಧನದಲ್ಲಿ ನಡೆಯುವ ಸಂಗೀತ ಶಾಲೆಗಳಿವೆ. ಪುಟ್ಟ ದೇಶ ಜಗತ್ತಿಗೆ ಇಷ್ಟೊಂದು ಪಾಪ್ ಸಂಗೀತ ರಫ್ತು ಮಾಡುವುದರ ಹಿಂದೆ ಅವುಗಳ ಪಾಲಿದೆ. ನಂಬರ್ 1 ಹಾಡು ಕೈಯಲ್ಲಿದ್ದವನು ಅದನ್ನು ನುಡಿಸುವುದಿಲ್ಲ ಎಂದರೆ ಸುದ್ದಿಯಾಗುತ್ತದೆ. ನಾನು ಅಂದರೆ ಪಕ್ಕದ ಬೀದಿಯವನಿಗೆ ಐನೂರು ರೂಪಾಯಿ ಸಿಗುತ್ತದೆ, ಅಷ್ಟೆ.

ಪ್ರಿಡ್ಜ್ ಕಳೆದುಕೊಂಡದ್ದೂ ಕಡಿಮೆಯಿಲ್ಲ. ವಿಮಾನ ಹತ್ತಲು ಅವರಿಗೆ ವಿಪರೀತ ಭಯ. ಅದರಿಂದ ರದ್ದಾದ ಕಾರ್ಯಕ್ರಮಗಳು ಎಷ್ಟೋ. ಆರಂಭದಲ್ಲಿ ಜೊತೆಗಿದ್ದ ಸ್ವೀಡನ್ನಿನ ಗೆಳೆಯರು 'ಸ್ವೀಡಿಷ್ ಹೌಸ್ ಮಾಫಿಯಾ' ಆಗಿ ದೇಶದೇಶ ಹಾರುತ್ತಿದ್ದಾಗ ಇವರು ಅದರಲ್ಲಿರಲಿಲ್ಲ. 2012ರಲ್ಲಿ ಲಾಸ್ ಏಂಜಲೀಸ್‌ಗೆ ಮನೆ ಬದಲಿಸಿದರು. ಮೊದಲ ಪೂರ್ಣ ಸ್ಟುಡಿಯೊ ಆಲ್ಬಮ್ 'ಓಪಸ್' ಬಂದಿದ್ದು 2016ರಲ್ಲಿ, 'ಕಾಲ್ ಆನ್ ಮಿ' ಆಗಿ ಹನ್ನೆರಡು ವರ್ಷಕ್ಕೆ. ಅದರ ಶೀರ್ಷಿಕೆ ಟ್ರ್ಯಾಕ್ ಒಂಬತ್ತು ನಿಮಿಷದ್ದು. ಆಮೆಯ ಹಾಗೆ ಶುರುವಾಗಿ ನಿಧಾನಕ್ಕೆ ವೇಗ ಪಡೆಯುತ್ತದೆ. ಬ್ರಿಟನ್ನಿನ ಫೋರ್ ಟೆಟ್ ಅದನ್ನು ರಿಮಿಕ್ಸ್ ಮಾಡಿದಾಗ, ಬಹುತೇಕ ಹಾಡು ಬರೀ ಏರುತ್ತಲೇ ಹೋಗುವ ಹಾಗೆ ಕಟ್ಟಿದರು. ಹಲವರಿಗೆ ಮೂಲಕ್ಕಿಂತ ಅದೇ ಇಷ್ಟ. ಪ್ರಿಡ್ಜ್ ಅದನ್ನು ಅಧಿಕೃತವಾಗಿಯೇ ಹೊರತಂದರು. ಬೇರೆಯವರ ಹಾಡು ಬಿಚ್ಚುತ್ತಾ ಮೇಲೆ ಬಂದವರು ತಮ್ಮ ಹಾಡನ್ನು ಇನ್ನೊಬ್ಬರು ಬಿಚ್ಚಲು ಬಿಟ್ಟರು. ಇಬ್ಬರ ಹೆಸರೂ ಅದರ ಮೇಲಿದೆ.

ಇಬ್ಬರ ಹೆಸರು ಎಂಬುದನ್ನು ಓದಿದ ಮೇಲೆ ನಾನು ಆ ಜಾನಪದ ಗಾಯಕಿಯ ಚಾನೆಲ್ ಹುಡುಕಿ, ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ತಮ್ಮ. ನಾನು ಮಾಡಿದ್ದನ್ನು ಹೇಳಿದೆ. 'ಅಯ್ಯೋ ತಮ್ಮಾ, ಅಕ್ಕನ ಹಾಡು ಯಾರ್‍ಯಾರೋ ಹಂಗ ಮಾಡ್ಯಾರ, ಕೇಳಿದವ ನೀನs ಮೊದಲ್ನೇದಾಂವ' ಎಂದು ನಕ್ಕು, ಮುಂದಿನ ಸಲ ಅಕ್ಕನ ಹೆಸರು ಮೊದಲು ಹಾಕು ಅಂದರು. ಯುಗಾದಿ ಮುಗಿದ ಮೇಲೆ ಊರ ಜಾತ್ರೆಗೆ ಇನ್ನೊಂದು ರಿಮಿಕ್ಸ್ ಬೇಕೆಂದು ಸೌಂಡ್ ಸಿಸ್ಟಮ್‌ನವರು ಕೇಳಿದ್ದಾರೆ. ಎರಡೂ ಹೆಸರು ಅಳಿಸಬಾರದು ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದು ಕೊಡಿ ಅಂದೆ. ಹೆಬ್ಬೆರಳಿನ ಚಿತ್ರ ಬಂತು. ದರ ಮಾತ್ರ ಅದೇ, ಐನೂರು.